ಸೇಂಟ್ ಮೇರೀಸ್ ದ್ವೀಪಕ್ಕೆ ಒಂದು ದಿನ: ಕಡಲಿನ ಇಳಿತ ನೋಡಿಕೊಂಡು ಹೊರಡಿ

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ‘ದೋಣಿ ಪ್ರಯಾಣ ಚೆನ್ನಾಗಿತ್ತು, ಅಲ್ಲಿ ಬರೀ ಕಲ್ಲು, ಸಿಕ್ಕಾಪಟ್ಟೆ ಬಿಸಿಲು’ ಎನ್ನುವವರೇ ಹೆಚ್ಚು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಘಟ್ಟ ಇಳಿದು, ಕಡಲು ದಾಟಿ ಹೋದವರು ಹೀಗೆ ಹೇಳಿದರೆ ಬೇಸರವಾಗುತ್ತದೆ. ನಮ್ಮ ರಾಜ್ಯದಲ್ಲಿ ಜ್ವಾಲಾಮುಖಿಯ ಕೆಲಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಅಪರೂಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ.

ಬೇಸರಪಟ್ಟು ಬರುವವರು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ನೀರು ಏರಿದ ಹೊತ್ತಿನಲ್ಲಿ ದ್ವೀಪಕ್ಕೆ ಇಳಿಯುತ್ತಾರೆ, ಆಗ ಅರ್ಧ ಕಲ್ಲು ಕಾಣುವುದೇ ಇಲ್ಲ. ಕಂಡ ಕಲ್ಲಿನಲ್ಲಿ ಏನು ನೋಡಬೇಕು ಎಂಬುದನ್ನೂ ಅವರಿಗೆ ಯಾರೂ ಹೇಳಿರುವುದಿಲ್ಲ. ಇವೆರಡನ್ನೂ ಸರಿಪಡಿಸಿಕೊಂಡರೆ ಇದೇ ಪ್ರವಾಸ ಮನೆಮಂದಿಯೆಲ್ಲ ನೆನಪಿಡುವಂಥದ್ದಾಗುತ್ತದೆ. ತಾಂಡವಪುರ, ನಂಜನಗೂಡು, ತಿ. ನರಸೀಪುರದ ಕಡೆಯಿಂದ ಹೊರಡುವವರನ್ನು, ಅದರಲ್ಲೂ ಕೈಗಾರಿಕಾ ಪ್ರದೇಶದಲ್ಲಿ ವಾರಕ್ಕೊಂದೇ ರಜೆ ಸಿಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾಹಿತಿ ಕೊಡುತ್ತಿದ್ದೇವೆ.

ಈ ಕಲ್ಲಿನ ಹುಟ್ಟು

ಮಲ್ಪೆ ತೀರದಿಂದ ಸುಮಾರು 6 ಕಿ.ಮೀ. ದೂರದಲ್ಲಿ, ಕಡಲಿನ ನಡುವೆ ನಾಲ್ಕು ಮುಖ್ಯ ದ್ವೀಪಗಳಿವೆ: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾಬಹಾದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ. ಪ್ರವಾಸಿಗರನ್ನು ಕರೆದೊಯ್ಯುವುದು ಕಲ್ಲಿನ ಕಂಬಗಳಿರುವ ತೆಂಗಿನ ದ್ವೀಪಕ್ಕೆ. ಉದ್ದ ಅರ್ಧ ಕಿಲೋಮೀಟರ್ ಆಸುಪಾಸು, ಅಗಲ ಅದಕ್ಕಿಂತ ಬಹಳ ಕಡಿಮೆ. ಊರಿನವರು ತೋನ್ಸೆಪಾರು ಎಂದೂ ಕರೆಯುತ್ತಾರೆ. ವಾಸ್ಕೋ ಡ ಗಾಮಾ 1498ರಲ್ಲಿ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂಬ ಐತಿಹ್ಯವಿದೆ.

ಕಲ್ಲಿನ ಕಥೆ ಇದಕ್ಕಿಂತ ಎಷ್ಟೋ ಹಳೆಯದು. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಒಂದೇ ಭೂಭಾಗವಾಗಿದ್ದವು. ಅವು ಬೇರೆಯಾಗುವ ಕಾಲದಲ್ಲಿ ನೆಲ ಸೀಳಿ ಲಾವಾ ಹೊರಬಂತು. ಆ ಲಾವಾ ಆರಿ ಗಟ್ಟಿಯಾದ ತುಣುಕುಗಳೇ ಈ ದ್ವೀಪಗಳು. ಹೆಚ್ಚುಕಡಿಮೆ ಇದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರ್‌ನಲ್ಲೂ ಇವೆ. ಎರಡೂ ನೆಲ ಒಂದು ಕಾಲಕ್ಕೆ ಜೊತೆಗಿದ್ದವು ಎಂಬುದಕ್ಕೆ ಭೂವಿಜ್ಞಾನಿಗಳು ತೋರಿಸುವ ಸಾಕ್ಷಿಗಳಲ್ಲಿ ಇದೂ ಒಂದು. ಉತ್ತರ ಕರ್ನಾಟಕ, ಮಹಾರಾಷ್ಟ್ರದಲ್ಲಿ ಹರಡಿರುವ ದಖ್ಖನ್ ಲಾವಾದ ವಯಸ್ಸು ಸುಮಾರು 6.6 ಕೋಟಿ ವರ್ಷ. ಅಂದರೆ ಮಲ್ಪೆಯ ಕಲ್ಲು ಅದಕ್ಕಿಂತ ಹಿರಿಯದು, ಅದರ ಪಂಗಡಕ್ಕೆ ಸೇರಿದ್ದೂ ಅಲ್ಲ.

ಕಂಬಗಳಾದದ್ದು ಹೇಗೆ?

ನಮ್ಮ ಕಡೆ ಕೆರೆ ಬತ್ತಿದಾಗ ಏರಿಯ ಒಳಗಿನ ಜೇಡಿಮಣ್ಣು ಬಿರಿದು ಹೆಂಟೆ ಹೆಂಟೆಯಾಗುವುದನ್ನು ನೀವು ನೋಡಿದ್ದೀರಿ. ನೀರು ಆರಿದಂತೆ ಮಣ್ಣು ಕುಗ್ಗುತ್ತದೆ. ಎಲ್ಲ ಕಡೆಗೂ ಒಟ್ಟಿಗೇ ಕುಗ್ಗಲು ಜಾಗವಿಲ್ಲದೆ ಬಿರುಕು ಬಿಡುತ್ತದೆ. ಲಾವಾದಲ್ಲೂ ಆಗುವುದು ಇದೇ. ಅಲ್ಲಿ ಕುಗ್ಗಿಸುವುದು ಒಣಗುವಿಕೆ ಅಲ್ಲ, ತಣಿಯುವಿಕೆ.

ಲಾವಾ ಮೊದಲು ತಣಿಯುವುದು ಗಾಳಿಗೆ ತೆರೆದುಕೊಂಡ ಮೇಲ್ಮೈಯಲ್ಲಿ ಮತ್ತು ನೆಲಕ್ಕೆ ತಾಗಿದ ತಳದಲ್ಲಿ. ಬಿರುಕು ಹುಟ್ಟುವುದೂ ಅಲ್ಲೇ. ಒಳಭಾಗ ತಣಿಯುತ್ತ ಹೋದ ಹಾಗೆ ಬಿರುಕು ಹಂತಹಂತವಾಗಿ ಒಳಕ್ಕೆ ಇಳಿಯುತ್ತದೆ. ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡಿದಾಗ ಕಲ್ಲಿನೊಳಗಿನ ಸೆಳೆತ ಕಡಿಮೆ ಬಿರುಕಿನಲ್ಲಿ ಹೆಚ್ಚು ಸಡಿಲವಾಗುತ್ತದೆ. ಹೀಗಾಗಿ ಮೊದಮೊದಲು ಅಂಕುಡೊಂಕಾಗಿದ್ದ ಬಿರುಕುಗಳು ಆಳಕ್ಕೆ ಹೋಗುತ್ತ ಆ ಕೋನಕ್ಕೆ ಹೊಂದಿಕೊಳ್ಳುತ್ತವೆ. ಎಲ್ಲ ಮೂಲೆಗಳೂ 120 ಡಿಗ್ರಿ ಇರುವ ಆಕೃತಿ ಷಟ್ಕೋನ. ಆದ್ದರಿಂದಲೇ ಆರು ಮುಖದ ಕಂಬಗಳು ಹೆಚ್ಚು. ಕಲ್ಲು ಎಲ್ಲ ಕಡೆಯೂ ಒಂದೇ ಸಮ ತಣಿಯುವುದಿಲ್ಲವಾದ್ದರಿಂದ ಐದು, ಏಳು ಮುಖದವೂ ಬೆರೆತಿರುತ್ತವೆ.

ಇದನ್ನು ತಿಳಿದು ಹೋದರೆ ಕಲ್ಲಿನ ಮುಂದೆ ನಿಂತಾಗ ‘ಯಾರು ಕೆತ್ತಿದರು?’ ಎಂಬ ಪ್ರಶ್ನೆ ಏಳುವುದಿಲ್ಲ. ಲಾವಾ ಯಾವ ದಿಕ್ಕಿನಿಂದ ತಣಿಯಿತು, ಬೇಗ ತಣಿಯಿತೋ ನಿಧಾನವಾಗಿಯೋ ಎಂದು ನೀವೇ ಊಹಿಸಬಲ್ಲಿರಿ.

ಹೊರಡುವ ಮೊದಲು ಚಾಮುಂಡಿ ಬೆಟ್ಟದ ಕಲ್ಲು ನೋಡಿ

ದ್ವೀಪದ ಕಲ್ಲು ರಯೋಲೈಟ್ ಮತ್ತು ಅದರ ಹತ್ತಿರದ ಬಗೆಗಳಾದ ರಯೋಡೇಸೈಟ್, ಡೇಸೈಟ್. ರಾಸಾಯನಿಕವಾಗಿ ನೋಡಿದರೆ ರಯೋಲೈಟ್ ನಮ್ಮ ಗ್ರಾನೈಟಿನ ಸೋದರ. ಎರಡರಲ್ಲೂ ಸಿಲಿಕಾ ಹೆಚ್ಚು. ಕರಗಿದ ಶಿಲೆ ನೆಲದ ಆಳದಲ್ಲೇ ಉಳಿದು ಬಹಳ ನಿಧಾನವಾಗಿ ತಣಿದರೆ ಹರಳುಗಳು ದೊಡ್ಡದಾಗಿ ಬೆಳೆದು ಗ್ರಾನೈಟ್ ಆಗುತ್ತದೆ. ನೆಲದ ಮೇಲೆ ಹರಿದು ಬೇಗ ತಣಿದರೆ ಹರಳು ಬೆಳೆಯಲು ಪುರಸೊತ್ತಿಲ್ಲದೆ ನುಣುಪು ಕಣದ ರಯೋಲೈಟ್ ಆಗುತ್ತದೆ.

ಚಾಮುಂಡಿ ಬೆಟ್ಟ ಇಂಥ ಗ್ರಾನೈಟ್. ವಯಸ್ಸು ಸುಮಾರು 80 ಕೋಟಿ ವರ್ಷ. ಹೊರಡುವ ಹಿಂದಿನ ವಾರ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ, ಪಕ್ಕದ ಬಂಡೆಗೆ ಮುಖ ಹತ್ತಿರ ತಂದು ನೋಡಿ. ತೆಳು ಗುಲಾಬಿ ಛಾಯೆಯ ಫೆಲ್ಡ್‌ಸ್ಪಾರ್ ಹರಳುಗಳು ಕಣ್ಣಿಗೇ ಕಾಣುತ್ತವೆ. ನಡುವೆ ಗಾಜಿನಂಥ ಬೂದು ಕ್ವಾರ್ಟ್ಜ್, ಮಿನುಗುವ ಕಪ್ಪು ಚುಕ್ಕೆಗಳು. ಮೊಬೈಲಿನಲ್ಲಿ ಒಂದು ಹತ್ತಿರದ ಫೋಟೊ ತೆಗೆದಿಟ್ಟುಕೊಳ್ಳಿ. ದ್ವೀಪದಲ್ಲಿ ಕಂಬದ ಮೈಗೆ ಇದೇ ರೀತಿ ಕಣ್ಣಿಟ್ಟು, ಎರಡನ್ನೂ ಹೋಲಿಸಿ. ಹೆಚ್ಚುಕಡಿಮೆ ಒಂದೇ ಪದಾರ್ಥ, ತಣಿದ ವೇಗ ಬೇರೆ. ಆ ವ್ಯತ್ಯಾಸ ನಿಮ್ಮ ಬೆರಳಿಗೇ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ: ಇಳಿತದ ಹೊತ್ತು

ಕಡಲಿನ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ ಚಿಲ್ಲರೆ. ಚಂದ್ರನ ಚಲನೆಗೆ ತಕ್ಕಂತೆ ಈ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇದು ಪ್ರವಾಸಕ್ಕೆ ಏಕೆ ಮುಖ್ಯ ಎಂದರೆ, ದ್ವೀಪದ ಅಂಚಿನ ತಗ್ಗಿನ ಕಂಬಗಳ ತಲೆಗಳನ್ನು ಅಲೆಗಳು ಸವೆಸಿವೆ. ನೀರು ಇಳಿದಾಗ ಅವು ಷಟ್ಕೋನದ ಹಾಸುಗಲ್ಲುಗಳಾಗಿ ತೆರೆದುಕೊಳ್ಳುತ್ತವೆ. ಮೇಲಿನಿಂದ ಅಡ್ಡಕೊಯ್ತ, ಪಕ್ಕದಿಂದ ಉದ್ದದ ಮೈ, ಎರಡನ್ನೂ ಒಟ್ಟಿಗೆ ನೋಡುವುದು ಆಗ ಮಾತ್ರ ಸುಲಭ. ಉಬ್ಬರದಲ್ಲಿ ಈ ಹಾಸು ಮುಳುಗುತ್ತದೆ. ತೆರೆ ಬಡಿಯುವ ಒದ್ದೆ ಕಲ್ಲಿನ ಹತ್ತಿರ ಹೋಗುವುದೂ ಅಪಾಯ.

ದಿನ ಗೊತ್ತುಮಾಡಲು ಮನೆಯ ಪಂಚಾಂಗವೇ ನೆರವಾಗುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ನಡುಹಗಲ ಆಸುಪಾಸಿನಲ್ಲಿ ನೀರು ಏರಿರುತ್ತದೆ. ಅಂದು ನಂಜುಂಡೇಶ್ವರನ ದರ್ಶನಕ್ಕೆ ಹೋಗಿ, ದ್ವೀಪಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಸ್ಥೂಲವಾಗಿ ಲೆಕ್ಕ ಹೀಗೆ:

- ಪಂಚಮಿ, ಷಷ್ಠಿ: ಬೆಳಗಿನ ಹೊತ್ತು ಇಳಿತ.
- ಅಷ್ಟಮಿಯ ಆಚೀಚೆ: ನಡುಹಗಲ ಆಸುಪಾಸು ಇಳಿತ. ಆದರೆ ಈ ದಿನಗಳಲ್ಲಿ ಏರಿಳಿತದ ಅಂತರವೇ ಕಡಿಮೆ. ನೀರು ತೀರಾ ಕೆಳಗೆ ಹೋಗುವುದಿಲ್ಲ.
- ದಶಮಿ, ಏಕಾದಶಿ: ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಇಳಿತ.

ಶುಕ್ಲ ಪಕ್ಷ, ಕೃಷ್ಣ ಪಕ್ಷ ಎರಡಕ್ಕೂ ಇದು ಅನ್ವಯಿಸುತ್ತದೆ. ನಿಮ್ಮ ರಜೆಯ ದಿನ ಈ ತಿಥಿಗಳ ಹತ್ತಿರ ಬೀಳುವ ವಾರವನ್ನು ಆರಿಸಿ. ಇದು ಅಂದಾಜು ಲೆಕ್ಕ ಮಾತ್ರ. ದಿನ ಗೊತ್ತಾದ ಮೇಲೆ ಮಲ್ಪೆ ಅಥವಾ ಮಂಗಳೂರಿನ ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಅಲೆ, ಗಾಳಿಯ ಮುನ್ಸೂಚನೆಯನ್ನೂ ಕೊಡುತ್ತದೆ. ಇಳಿತ ಪೂರ್ತಿಯಾಗುವ ಒಂದು ಗಂಟೆ ಮೊದಲೇ ದ್ವೀಪದಲ್ಲಿದ್ದರೆ, ನೀರು ಇನ್ನೂ ಇಳಿಯುತ್ತಿರುವಾಗ ನೋಡಲು ಶುರುಮಾಡಿ, ಮತ್ತೆ ಏರುವ ಹೊತ್ತಿಗೆ ಮೇಲೆ ಬಂದಿರಬಹುದು.

ಹೊರಡುವ ಕ್ರಮ

1. ಋತು ಆರಿಸಿ. ಮುಂಗಾರಿನ ತಿಂಗಳುಗಳಲ್ಲಿ, ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ, ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವಾದರೆ ದೋಣಿ ದಿಢೀರನೆ ನಿಲ್ಲಬಹುದು. ಮಾರ್ಚ್ ನಂತರ ಸೆಖೆ ತಡೆಯುವುದು ಕಷ್ಟ.

2. ಎರಡು ರಾತ್ರಿ, ಒಂದು ಹಗಲು ಎಂದು ಲೆಕ್ಕ ಹಾಕಿ. ತಾಂಡವಪುರದಿಂದ ಉಡುಪಿಗೆ 300 ಕಿ.ಮೀ.ಗೂ ಹೆಚ್ಚು ದಾರಿ. ಬೆಳಿಗ್ಗೆ ಹೊರಟು ರಾತ್ರಿ ಮರಳುವ ಪ್ರವಾಸ ಇದಲ್ಲ. ಶನಿವಾರ ಸಂಜೆ ನಂಜನಗೂಡು–ಮೈಸೂರು ಬಸ್ಸು ಅಥವಾ ಚಾಮರಾಜನಗರ ಕಡೆಯಿಂದ ಬರುವ ರೈಲಿನಲ್ಲಿ ಮೈಸೂರು ಸೇರಿ, ಅಲ್ಲಿಂದ ಉಡುಪಿ ಕಡೆಯ ರಾತ್ರಿ ಬಸ್ಸು ಹಿಡಿಯಿರಿ. ಭಾನುವಾರ ಹಗಲು ದ್ವೀಪ, ರಾತ್ರಿ ಮತ್ತೆ ಬಸ್ಸು, ಸೋಮವಾರ ಬೆಳಿಗ್ಗೆ ಊರು. ತಿ. ನರಸೀಪುರದವರು ನೇರ ಮೈಸೂರಿಗೆ ಬಂದರೆ ಸಾಕು. ಉಡುಪಿಗೆ ನೇರ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಮಂಗಳೂರಿಗೆ ಹೋಗಿ. ಅಲ್ಲಿಂದ ಉಡುಪಿಗೆ ದಿನವಿಡೀ ಬಸ್ಸುಗಳಿವೆ.

3. ಹೋಗುವ ಮತ್ತು ಬರುವ ಸೀಟು ಒಟ್ಟಿಗೇ ಕಾಯ್ದಿರಿಸಿ. ಭಾನುವಾರ ರಾತ್ರಿ ಘಟ್ಟ ಹತ್ತುವ ಬಸ್ಸುಗಳು ಬೇಗ ತುಂಬುತ್ತವೆ. ಸೋಮವಾರ ಮೊದಲ ಪಾಳಿಗೆ ಹೋಗಬೇಕಾದವರು ಎರಡನೇ ಪಾಳಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

4. ಸ್ವಂತ ವಾಹನವಾದರೆ ಘಟ್ಟವನ್ನು ಹಗಲಿನಲ್ಲಿ ದಾಟಿ. ಹುಣಸೂರು, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾರಿ ಅಂಕುಡೊಂಕು. ರಾತ್ರಿಯಿಡೀ ಗಾಡಿ ಓಡಿಸಿದವರೇ ಮರುರಾತ್ರಿಯೂ ಓಡಿಸುವುದು ಬೇಡ. ಶನಿವಾರವೂ ರಜೆ ಸಿಕ್ಕರೆ ಹಗಲು ಹೋಗಿ ಉಡುಪಿಯಲ್ಲಿ ತಂಗಿ.

5. ಉಡುಪಿಯಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ. ಬಸ್ಸಿಳಿದು ಮುಖ ತೊಳೆದು, ತಿಂಡಿ ತಿಂದು, ಶ್ರೀಕೃಷ್ಣ ಮಠದ ರಥಬೀದಿಗೆ ಹೋಗಿಬರಲು ಅಷ್ಟು ಸಮಯ ಸಾಕು. ಬೋಟಿಗೆ ಹೋಗುವ ಮುನ್ನ ಬನ್ಸ್, ಗೋಳಿಬಜೆ ಹೊಟ್ಟೆ ಬಿರಿಯ ತಿನ್ನಬೇಡಿ. ಎಣ್ಣೆತಿಂಡಿ ತಿಂದು ದೋಣಿ ಏರಿದರೆ ವಾಕರಿಕೆ ಹೆಚ್ಚು. ಇಡ್ಲಿ ಸಾಕು.

6. ಮಲ್ಪೆಗೆ ಹೋಗಿ ಮೊದಲು ದೋಣಿ ವಿಚಾರಿಸಿ. ಉಡುಪಿಯಿಂದ ಮಲ್ಪೆಗೆ ಆರೇಳು ಕಿ.ಮೀ. ಸಿಟಿ ಬಸ್ಸು ಆಗಾಗ ಸಿಗುತ್ತದೆ. ಬಂದರಿನ ಕಡೆಯಿಂದ ದೊಡ್ಡ ಬೋಟು, ಬೀಚಿನ ಕಡೆಯಿಂದ ಸಣ್ಣ ದೋಣಿ ಹೊರಡುತ್ತವೆ. ಟಿಕೆಟಿನ ಕಿಟಕಿಯಲ್ಲಿ ನಾಲ್ಕು ವಿಷಯ ಕೇಳಿ: ಇಂದು ದೋಣಿ ಇದೆಯೇ, ಎಷ್ಟು ಜನ ಸೇರಿದ ಮೇಲೆ ಹೊರಡುತ್ತದೆ, ದ್ವೀಪದಲ್ಲಿ ಎಷ್ಟು ಹೊತ್ತು ಬಿಡುತ್ತಾರೆ, ವಾಪಸು ಬರುವ ಕೊನೆಯ ದೋಣಿ ಎಷ್ಟು ಗಂಟೆಗೆ. ದರ ವರ್ಷ ವರ್ಷ ಬದಲಾಗುವುದರಿಂದ ಫಲಕ ನೋಡಿಯೇ ಹಣ ಕೊಡಿ.

7. ದೋಣಿಯಲ್ಲಿ ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ. ಪ್ರಯಾಣ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ದ್ವೀಪದ ಹತ್ತಿರ ನೀರು ಆಳವಿಲ್ಲದಿದ್ದರೆ ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ಇಳಿಸುವುದುಂಟು. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ. ಮಂಡಿನೋವಿನವರು, ಹಿರಿಯರು ಹೊರಡುವ ಮುನ್ನವೇ ಈ ಹತ್ತಿಳಿಯುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜೊತೆಯಲ್ಲಿರಲಿ

ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಮತ್ತೆ ತುಂಬಿಸಿಕೊಳ್ಳಬಹುದಾದ ಬಾಟಲಿಯಲ್ಲಿ. ಹಿಂದೆ ಪಟ್ಟಿಯಿರುವ, ಜಾರದ ಅಟ್ಟೆಯ ಚಪ್ಪಲಿ ಅಥವಾ ಕ್ಯಾನ್ವಾಸ್ ಬೂಟು. ಅಂಚು ಅಗಲವಿರುವ ಟೋಪಿ, ಹತ್ತಿಯ ತುಂಬುತೋಳಿನ ಅಂಗಿ, ಒಂದು ಜೊತೆ ಬದಲು ಬಟ್ಟೆ. ಮೊಬೈಲಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಕವರಿನ ಬದಲು ಜಿಪ್ ಇರುವ ಜಲನಿರೋಧಕ ಚೀಲ. ಮಕ್ಕಳಿದ್ದರೆ ಒಂದು ಅಡಿ ಪಟ್ಟಿ, ಒಂದು ನೋಟ್ ಪುಸ್ತಕ, ಒಂದು ಭೂತಗನ್ನಡಿ. ಕಲ್ಲು ನೋಡುವ ಕೆಲಸಕ್ಕೆ ಈ ಮೂರು ಸಾಕು. ಸುತ್ತಿಗೆ ಬೇಡ, ತರಲೇಬಾರದು.

ದ್ವೀಪದಲ್ಲಿ ಏನು ನೋಡಬೇಕು

ದೋಣಿ ಇಳಿದ ಕೂಡಲೇ ಎಲ್ಲರೂ ಒಂದೇ ಕಡೆ ಫೋಟೊಗೆ ನಿಲ್ಲುತ್ತಾರೆ. ನೀವು ಹತ್ತು ನಿಮಿಷ ತೆಂಗಿನ ಮರದ ನೆರಳಿನಲ್ಲಿ ಕೂತು ನೀರು ಕುಡಿಯಿರಿ. ಜನ ಚದುರಿದ ಮೇಲೆ ಈ ಕ್ರಮದಲ್ಲಿ ನೋಡಿ.

1. ಮುಖಗಳನ್ನು ಎಣಿಸಿ. ತಲೆ ಸ್ಪಷ್ಟವಾಗಿ ಕಾಣುವ ಹತ್ತು ಕಂಬಗಳನ್ನು ಆರಿಸಿ, ಪ್ರತಿಯೊಂದಕ್ಕೂ ಎಷ್ಟು ಬದಿ ಎಂದು ಬರೆದುಕೊಳ್ಳಿ. ಕೂಡಿಸಿ ಹತ್ತರಿಂದ ಭಾಗಿಸಿ. ಉತ್ತರ ಆರಕ್ಕೆ ಎಷ್ಟು ಹತ್ತಿರ ಬಂತು ನೋಡಿ. ಮಕ್ಕಳು ಇದರಲ್ಲಿ ಮೈಮರೆಯುತ್ತಾರೆ.

2. ಮೂಲೆ ಹುಡುಕಿ. ಮೂರು ಕಂಬಗಳು ಸೇರುವ ಬಿಂದುವಿಗೆ ಕಣ್ಣಿಡಿ. ಮೂರು ಬಿರುಕುಗಳು ಒಂದಕ್ಕೊಂದು ಸಮ ಕೋನದಲ್ಲಿ ಕೂಡಿವೆಯೇ, ಅಥವಾ ಒಂದು ನೇರ ಬಿರುಕಿಗೆ ಇನ್ನೊಂದು ಬಂದು ಒರಗಿದೆಯೇ? ಒರಗಿದ್ದರೆ ಆ ಬಿರುಕು ಆಮೇಲೆ ಹುಟ್ಟಿದ್ದು.

3. ದಪ್ಪ ಅಳೆಯಿರಿ. ಬೇಗ ತಣಿದ ಕಡೆ ಬಿರುಕುಗಳು ಒತ್ತೊತ್ತಾಗಿ ಹುಟ್ಟಿ ಕಂಬ ಸಪುರವಾಗುತ್ತದೆ. ನಿಧಾನ ತಣಿದ ಕಡೆ ಕಂಬ ದಪ್ಪ. ದ್ವೀಪದ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಪ್ಪ ಬದಲಾಗುತ್ತದೆಯೇ ನೋಡಿ.

4. ವಾಲಿಕೆ ಗಮನಿಸಿ. ಕಂಬ ಯಾವಾಗಲೂ ತಣಿಯುವ ಮೇಲ್ಮೈಗೆ ಲಂಬವಾಗಿ ಬೆಳೆಯುತ್ತದೆ. ಮೇಲ್ಮೈ ಮಟ್ಟವಾಗಿದ್ದರೆ ಕಂಬ ನೆಟ್ಟಗೆ. ಓರೆಯಾಗಿದ್ದರೆ ಕಂಬವೂ ವಾಲುತ್ತದೆ. ಗುಂಪಿನ ಕಂಬಗಳೆಲ್ಲ ಒಂದೇ ಕಡೆ ವಾಲಿರುವ ಜಾಗ ಹುಡುಕಿ, ಅಲ್ಲಿ ಲಾವಾದ ಮೇಲ್ಮೈ ಯಾವ ಕಡೆಗೆ ಓರೆಯಾಗಿತ್ತೆಂದು ಊಹಿಸಿ.

5. ಅಡ್ಡಬಿರುಕು ನೋಡಿ. ಉದ್ದದ ಬಿರುಕಿನ ಜೊತೆಗೆ ಕಂಬವನ್ನು ಅಡ್ಡಲಾಗಿ ಕತ್ತರಿಸುವ ಬಿರುಕುಗಳೂ ಇವೆ. ಕಂಬ ತುಂಡುತುಂಡಾಗಿ ಉರುಳಿಬೀಳುವುದು, ತಲೆಗಳು ಮೆಟ್ಟಿಲಿನ ಹಾಗೆ ಏರುಪೇರಾಗಿರುವುದು ಇದರಿಂದಲೇ. ತಗ್ಗಾದ ತಲೆಗಳಲ್ಲಿ ಸಮುದ್ರದ ನೀರು ನಿಂತು, ಬಿಸಿಲಿಗೆ ಆರಿ, ಬಿಳಿ ಉಪ್ಪಿನ ಅಂಚು ಕಟ್ಟಿರುತ್ತದೆ. ಹರಳುಗಟ್ಟಿದ ಉಪ್ಪು ಕಲ್ಲಿನ ಸಂದಿಗಳನ್ನು ನಿಧಾನವಾಗಿ ಸಡಿಲಿಸುತ್ತದೆ. ಕಲ್ಲು ಸವೆಯುವ ಕೆಲಸ ಇಂದಿಗೂ ನಡೆಯುತ್ತಿರುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

6. ಬಣ್ಣವನ್ನು ನಂಬಬೇಡಿ. ಹೊರಮೈ ಬಿಸಿಲು, ಉಪ್ಪು, ಪಾಚಿಯಿಂದ ಕಪ್ಪಾಗಿ, ಕಂದಾಗಿ ಕಾಣುತ್ತದೆ. ತಾನಾಗಿ ಒಡೆದು ಬಿದ್ದ ತುಂಡು ಕಂಡರೆ ಅದರ ಒಳಮೈ ನೋಡಿ. ತಿಳಿ ಬಣ್ಣ, ನುಣುಪು ಕಣ, ಅಲ್ಲಲ್ಲಿ ಸಣ್ಣ ಹರಳು. ಚಾಮುಂಡಿ ಬೆಟ್ಟದ ಫೋಟೊ ಹೊರತೆಗೆಯಬೇಕಾದ್ದು ಈಗ.

7. ದಡಕ್ಕೆ ಬನ್ನಿ. ಇಲ್ಲಿ ಬೇರೆ ಬೀಚುಗಳಲ್ಲಿರುವಂಥ ಮರಳಿನ ಹಾಸು ಇಲ್ಲ, ಚಿಪ್ಪಿನದೇ ದಡ. ಅಲೆ ತಂದು ರಾಶಿ ಹಾಕಿದ ಶಂಖ, ಚಿಪ್ಪು, ಅವುಗಳ ಚೂರು. ಕಾಲಿಟ್ಟರೆ ಕರಕರ ಸದ್ದಾಗುತ್ತದೆ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ಎಷ್ಟು ಬಗೆ ಇವೆ ಎಂದು ನೋಡಿ, ಅಲ್ಲೇ ಬಿಟ್ಟು ಬನ್ನಿ.

ಇಷ್ಟಕ್ಕೆ ಸಾವಕಾಶವಾಗಿ ಒಂದೂವರೆ ಗಂಟೆ ಬೇಕು. ಫೋಟೊ, ವಿಶ್ರಾಂತಿ ಸೇರಿದರೆ ಎರಡು ಗಂಟೆ. ದೋಣಿಯವರು ಇದಕ್ಕಿಂತ ಕಡಿಮೆ ಹೊತ್ತು ಕೊಡುವುದಾದರೆ ಮುಂದಿನ ದೋಣಿಯಲ್ಲಿ ಮರಳಲು ಅವಕಾಶವಿದೆಯೇ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ.

ಎಚ್ಚರಿಕೆ

- ಕಂಬಗಳ ಮೇಲೆ ಏರಬೇಡಿ. ಒದ್ದೆ ಕಲ್ಲಿನ ಮೇಲಿನ ಪಾಚಿ ಕಣ್ಣಿಗೆ ಕಾಣದು, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಬಂಡೆಯಿಂದ ಜಾರಿ ಅಲೆಗೆ ಸಿಕ್ಕಿ ಪ್ರವಾಸಿಗರು ಪ್ರಾಣ ಕಳೆದುಕೊಂಡ ದ್ವೀಪ ಇದು. ಸೆಲ್ಫಿಗಾಗಿ ಅಂಚಿಗೆ ಹೋಗುವುದು ಬೇಡವೇ ಬೇಡ.
- ಕಪಿಲೆಯಲ್ಲಿ, ಕಾವೇರಿಯಲ್ಲಿ ಈಜಿದವರಿಗೂ ಕಡಲು ಹೊಸದು. ನದಿಯ ಸೆಳೆತ ಒಂದೇ ದಿಕ್ಕಿಗೆ. ಬಂಡೆಗಳ ನಡುವಿನ ಅಲೆ ಎಳೆದೊಯ್ದು ಮತ್ತೆ ಕಲ್ಲಿಗೇ ಅಪ್ಪಳಿಸುತ್ತದೆ. ಕಾವಲು ಸಿಬ್ಬಂದಿ ತೋರಿಸಿದ ಜಾಗದಲ್ಲಿ ಮಾತ್ರ ನೀರಿಗಿಳಿಯಿರಿ.
- ಬರಿಗಾಲಿನಲ್ಲಿ ನಡೆಯಬೇಡಿ. ಚಿಪ್ಪಿನ ಚೂರು ಬ್ಲೇಡಿನಷ್ಟು ಹರಿತ. ಗಾಯವಾದರೆ ಕುಡಿಯುವ ನೀರಿನಿಂದ ಚೆನ್ನಾಗಿ ತೊಳೆದು, ಚೂರು ಒಳಗಿಲ್ಲವೆಂದು ನೋಡಿಕೊಂಡು ಪಟ್ಟಿ ಕಟ್ಟಿ.
- ತಲೆಸುತ್ತು, ತಲೆನೋವು, ವಾಕರಿಕೆ ಬಂದರೆ ಬಿಸಿಲು ತಾಗಿದೆ ಎಂದೇ ತಿಳಿಯಿರಿ. ನೆರಳಿಗೆ ಬಂದು, ಒದ್ದೆ ಬಟ್ಟೆ ಹಾಕಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಸುಧಾರಿಸದಿದ್ದರೆ ಮುಂದಿನ ದೋಣಿಗೇ ಮರಳಿ.
- ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಕೊನೆಯ ದೋಣಿಗಿಂತ ಒಂದು ದೋಣಿ ಮೊದಲೇ ಹೊರಡುವುದೆಂದು ತೀರ್ಮಾನಿಸಿಕೊಂಡರೆ ಗಡಿಬಿಡಿ ಇರುವುದಿಲ್ಲ.
- ಕಲ್ಲಿನ ಚೂರಾಗಲಿ, ಚಿಪ್ಪಾಗಲಿ ಮನೆಗೆ ತರಬೇಡಿ. ಹೆಸರು ಗೀಚಬೇಡಿ. ಕಸವನ್ನು ಚೀಲದಲ್ಲಿ ಹಾಕಿಕೊಂಡು ಮಲ್ಪೆಗೆ ತನ್ನಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವುದು. ‘ಹೇಗೂ ಅಷ್ಟು ದೂರ ಹೋಗುತ್ತೀವಲ್ಲ’ ಎಂದು ಧರ್ಮಸ್ಥಳ, ಕೊಲ್ಲೂರು, ಮುರ್ಡೇಶ್ವರ ಎಲ್ಲ ಸೇರಿಸಿದರೆ ದ್ವೀಪಕ್ಕೆ ಉಳಿಯುವುದು ನಡುಹಗಲಿನ ಮುಕ್ಕಾಲು ಗಂಟೆ. ಈ ದಿನ ಉಡುಪಿ, ಮಲ್ಪೆ, ದ್ವೀಪ, ಇಷ್ಟೇ ಇರಲಿ.

ಬಸಾಲ್ಟ್ ಎಂದು ಬರೆಯುವುದು. ಕಂಬದ ಆಕಾರ ಎಂದಕೂಡಲೇ ಬಸಾಲ್ಟ್ ಎನ್ನುವ ಅಭ್ಯಾಸವಿದೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯ ಸುಮಾರು 40,000 ಕಂಬಗಳು, ಮುಂಬೈ ಅಂಧೇರಿಯ ಗಿಲ್ಬರ್ಟ್ ಹಿಲ್ ಇವೆಲ್ಲ ಬಸಾಲ್ಟೇ. ಮಲ್ಪೆಯದು ಸಿಲಿಕಾ ಹೆಚ್ಚಿರುವ ಬೇರೆ ಶಿಲೆ. ಮಕ್ಕಳ ಪ್ರಾಜೆಕ್ಟಿನಲ್ಲಿ ಇದನ್ನು ಸರಿಯಾಗಿ ಬರೆಸಿ.

ಎಲ್ಲ ವಿಚಿತ್ರ ಬಂಡೆಯನ್ನೂ ಜ್ವಾಲಾಮುಖಿಯದೆನ್ನುವುದು. ಉತ್ತರ ಕನ್ನಡದ ಯಾಣದ ಕಪ್ಪು ಶಿಖರಗಳು ಸುಣ್ಣಕಲ್ಲಿನವು. ನೀರು ಕರಗಿಸಿ ಮಾಡಿದ ಆಕಾರ ಅದು. ಮೈಸೂರಿನ ಚಾಮುಂಡಿ ಬೆಟ್ಟವೂ ಆರಿದ ಜ್ವಾಲಾಮುಖಿ ಅಲ್ಲ, ನೆಲದಾಳದಲ್ಲಿ ತಣಿದ ಗ್ರಾನೈಟ್.

ದೋಣಿ ಇರುತ್ತದೆಂದೇ ನಂಬಿ ಹೊರಡುವುದು. ಗಾಳಿ ಜೋರಾದ ದಿನ ದೋಣಿ ನಿಲ್ಲಿಸುತ್ತಾರೆ. ಹಾಗಾದರೆ ಸಿಬ್ಬಂದಿಯ ಜೊತೆ ವಾದಿಸಬೇಡಿ. ಮಲ್ಪೆ ಬೀಚು, ವಡಭಾಂಡೇಶ್ವರದ ಬಲರಾಮ ದೇವಸ್ಥಾನ ನೋಡಿಕೊಂಡು ಬನ್ನಿ.

ದ್ವೀಪಕ್ಕೆ ಹೋಗಲಾಗದಿದ್ದರೆ

ಕಡಲು, ದೋಣಿ ಒಗ್ಗದವರಿಗೆ ನೆಲದ ಮೇಲೆ ಇನ್ನೊಂದು ಜಾಗವಿದೆ. ಚಿತ್ರದುರ್ಗ ಜಿಲ್ಲೆಯ ಐಮಂಗಲದ ಬಳಿ ಮರಡಿಹಳ್ಳಿಯಲ್ಲಿ ದಿಂಬುಲಾವಾ ಇದೆ. ಲಾವಾ ನೀರಿನಡಿಯಲ್ಲಿ ಉಕ್ಕಿದಾಗ ಹೊರಮೈ ಥಟ್ಟನೆ ತಣಿದು ಸಿಪ್ಪೆ ಕಟ್ಟುತ್ತದೆ. ಒಳಗಿನ ಬಿಸಿ ಲಾವಾ ಆ ಸಿಪ್ಪೆಯನ್ನು ಒಡೆದು ಮತ್ತೆ ಉಬ್ಬುತ್ತದೆ. ಹೀಗೆ ಒಂದರ ಮೇಲೊಂದು ಒರಗಿದ ಗುಂಡುಗುಂಡಾದ ಉಬ್ಬುಗಳಾಗುತ್ತವೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇಂದು ಬಯಲುಸೀಮೆಯಾದ ಅಲ್ಲಿ ಆಗ ನೀರಿತ್ತು ಎಂಬುದಕ್ಕೆ ಈ ಕಲ್ಲೇ ಪುರಾವೆ. ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸ್ವಂತ ವಾಹನದಲ್ಲಿ ಬೆಳಗಿನ ಜಾವ ಹೊರಟರೆ ರಾತ್ರಿಯೊಳಗೆ ಮರಳಬಹುದು. ಅಂಗಡಿ, ನೆರಳು ಹೆಚ್ಚಿಲ್ಲದ ಕಡೆ ಆದ್ದರಿಂದ ಬುತ್ತಿ, ನೀರು ಕಟ್ಟಿಕೊಂಡು ಹೋಗಿ.

ಶಾಲೆಗಳಿಗೆ ಒಂದು ಮಾತು

ನಮ್ಮ ತಾಲ್ಲೂಕುಗಳ ಪ್ರೌಢಶಾಲೆಗಳು ಡಿಸೆಂಬರ್, ಜನವರಿಯಲ್ಲಿ ಮಕ್ಕಳನ್ನು ಕರಾವಳಿಗೆ ಪ್ರವಾಸ ಕರೆದೊಯ್ಯುತ್ತವೆ. ಅಗ್ನಿಶಿಲೆಯ ಪಾಠವನ್ನು ಬಾಯಿಪಾಠ ಮಾಡಿದ ಮಕ್ಕಳು ಅದೇ ಶಿಲೆಯ ಮುಂದೆ ಇಪ್ಪತ್ತು ನಿಮಿಷ ನಿಂತು, ಸಾಲಾಗಿ ಫೋಟೊ ತೆಗೆಸಿಕೊಂಡು ಹಿಂದಿರುಗುವುದು ಬಹಳ ನಷ್ಟ. ಶಿಕ್ಷಕರು ಮೂರು ಕೆಲಸ ಮಾಡಿದರೆ ಸಾಕು. ಪ್ರವಾಸದ ದಿನವನ್ನು ಇಳಿತ ನೋಡಿ ಗೊತ್ತುಮಾಡಿ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಇರುವಂತೆ ತಂಡ ಕಟ್ಟಿ, ನೀರಿನಂಚಿಗೆ ಬಿಡದೆ, ಪ್ರತಿ ತಂಡಕ್ಕೂ ಹತ್ತು ಕಂಬಗಳ ಮುಖ ಎಣಿಸುವ ಕೆಲಸ ಕೊಡಿ. ಮರಳಿದ ಮೇಲೆ ಎಲ್ಲ ತಂಡಗಳ ಎಣಿಕೆಯನ್ನು ಒಟ್ಟುಗೂಡಿಸಿ ಕರಿಹಲಗೆಯ ಮೇಲೆ ಸರಾಸರಿ ತೆಗೆಯಿರಿ. ಆರು ಮುಖವೇ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಮಕ್ಕಳು ತಾವೇ ಎಣಿಸಿದ ಲೆಕ್ಕವನ್ನು ಮುಂದಿಟ್ಟುಕೊಂಡು ಉತ್ತರ ಹುಡುಕುತ್ತಾರೆ. ಪಾಠ ಅಲ್ಲಿಂದ ಶುರುವಾಗಲಿ.